ಹಳೇ ಜಿಪಿಎಸ್ ವಾಚ್ ಕೊಟ್ಟು ಹೊಸದು ತಗೊಳ್ಳುವವರು ದಯವಿಟ್ಟು ಇದನ್ನು ಓದಿ

ಟ್ರೆಕ್ಕಿಂಗ್‌ಗೆ ಅಂತ ಸೆಕೆಂಡ್ ಹ್ಯಾಂಡ್ ಜಿಪಿಎಸ್ ವಾಚ್ ಹುಡುಕುತ್ತಿದ್ದೀರಾ? ದುಡ್ಡು ಕೊಡುವ ಮೊದಲು ಎರಡು ನಿಮಿಷ ಇದನ್ನು ಓದಿ. ನನಗೆ 46 ಸಾವಿರ ರೂಪಾಯಿ ಹೋಗಿದೆ, ಜೊತೆಗೆ ಚೆನ್ನಾಗಿ ನಡೆಯುತ್ತಿದ್ದ ಹಳೇ ವಾಚೂ ಹೋಗಿದೆ. ಬರೆಯುವುದಕ್ಕೆ ನಾಚಿಕೆ ಆಗುತ್ತಿದೆ. ನಮ್ಮ ಗುಂಪಿನಲ್ಲಿ ಯಾರಿಗೆ ವಾಚ್ ಬೇಕಾದರೂ ನನ್ನನ್ನೇ ಕೇಳುತ್ತಾರೆ. ಅಂಥವನೇ ಮೋಸ ಹೋದೆ.

ನನ್ನ ಹತ್ತಿರ ಇದ್ದದ್ದು ಗಾರ್ಮಿನ್ ಫೋರ್‌ರನ್ನರ್ 245. 2019ರಲ್ಲಿ ಬಂದ ಮಾದರಿ. ಒಂದು ದಿನವೂ ಕೈ ಕೊಟ್ಟಿರಲಿಲ್ಲ. ಸಾವನದುರ್ಗದ ಬಂಡೆ ಮೇಲೆ ಜಾರಿ ಬಿದ್ದಾಗ ಸ್ಟಾರ್ಟ್ ಬಟನ್ ಪಕ್ಕದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚೂರು ಎದ್ದುಹೋಗಿತ್ತು, ಅಷ್ಟೇ. ಕೆರೆ ಸುತ್ತ ಓಡುವುದಕ್ಕೆ, ಊರ ರಸ್ತೆಯಲ್ಲಿ ಓಡುವುದಕ್ಕೆ ಅದಕ್ಕಿಂತ ಜಾಸ್ತಿ ಏನೂ ಬೇಡ. ತಲೆ ಮೇಲೆ ಬರೀ ಆಕಾಶ ಇದ್ದರೆ ಹಳೇ ವಾಚೂ ಹೊಸ ವಾಚೂ ನಾವು ಹೋದ ದಾರಿಯನ್ನು ಹೆಚ್ಚು ಕಡಿಮೆ ಒಂದೇ ಗೆರೆಯಾಗಿ ಎಳೆಯುತ್ತವೆ. ಇದನ್ನು ಯಾವ ಅಂಗಡಿಯವನೂ ನಿಮಗೆ ಹೇಳುವುದಿಲ್ಲ.

ಆದರೆ ಘಟ್ಟದ ಕಾಡಿಗೆ ಹೋದರೆ ಬೇರೆ ಮಾತು. 245ರಲ್ಲಿ ಮ್ಯಾಪ್ ಇಲ್ಲ, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬರೋಮೀಟರ್ ಇಲ್ಲ. ಮರ ದಟ್ಟವಾದರೆ ಗೆರೆ ಅಡ್ಡಾದಿಡ್ಡಿ. ಅಂಥ ವಾಚ್‌ಗಳು ಉಪಗ್ರಹದಿಂದ ಬರುವ ಎಲ್1 ಅನ್ನುವ ಒಂದೇ ಬ್ಯಾಂಡ್, ಅಂದರೆ ಒಂದೇ ರೇಡಿಯೋ ತರಂಗಾಂತರ, ಕೇಳುತ್ತವೆ. ಸಿಗ್ನಲ್ ನೇರವಾಗಿ ಬಂತೋ, ಬಂಡೆಗೋ ಮರಕ್ಕೋ ಬಡಿದು ಬಂತೋ ಅನ್ನುವುದು ಅವಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಮಲ್ಟಿಬ್ಯಾಂಡ್ ವಾಚ್ ಎಲ್5 ಅನ್ನುವ ಎರಡನೇ ಬ್ಯಾಂಡನ್ನೂ ಕೇಳುತ್ತದೆ, ಬಡಿದು ಬಂದದ್ದನ್ನು ಅದು ಎಷ್ಟೋ ಚೆನ್ನಾಗಿ ಪಕ್ಕಕ್ಕೆ ಇಡುತ್ತದೆ. ನನಗೆ ಬೇಕಾಗಿದ್ದದ್ದು ಇದೊಂದೇ. ಬಣ್ಣ ಅಲ್ಲ, ಹಾಡು ಅಲ್ಲ, ಮಲ್ಟಿಬ್ಯಾಂಡ್.

ಆಗ ಕಣ್ಣಿಗೆ ಬಿತ್ತು ಆ ಜಾಹೀರಾತು. ಬೆಂಗಳೂರಿನಲ್ಲೇ ಇರುವ ಅಂಗಡಿ, ಹಳೇ ವಾಚ್ ಎಕ್ಸ್‌ಚೇಂಜ್ ಮಾಡಿಕೊಳ್ಳುತ್ತಾರೆ. 'ಫೀನಿಕ್ಸ್ 7 ಸಫೈರ್ ಸೋಲಾರ್, ಮಲ್ಟಿಬ್ಯಾಂಡ್, ಏಳು ದಿನ ರಿಪ್ಲೇಸ್‌ಮೆಂಟ್.' ಅದೂ ಗಾರ್ಮಿನ್‌ನದೇ; ಸಫೈರ್ ಅಂದರೆ ಸುಲಭಕ್ಕೆ ಗೀರು ಬೀಳದ ಗಾಜು, ಸೋಲಾರ್ ಅಂದರೆ ಬಿಸಿಲಿಗೂ ಚಾರ್ಜ್ ಆಗುವುದು. ಬುಧವಾರ ಹೋದೆ. ವಾಚ್ ಚೆನ್ನಾಗಿ ಒರೆಸಿ ಇಟ್ಟಿದ್ದರು. ಆನ್ ಮಾಡಿದರೆ ಫೀನಿಕ್ಸ್ 7 ಅಂತಲೇ ಬಂತು. ಬಿಸಿಲಿಗೆ ಹಿಡಿದರೆ ಸೋಲಾರ್ ಗ್ರಾಫ್ ಏರಿತು. ಆ ಗ್ರಾಫ್ ನೋಡಿಯೇ ನಾನು ಕರಗಿಹೋದೆ. 'ಮಲ್ಟಿಬ್ಯಾಂಡ್ ಇದೆ ತಾನೇ?' ಅಂತ ಕೇಳಿದೆ, ಬಾಯಿಬಿಟ್ಟು ಕೇಳಿದೆ, ಒಂದಲ್ಲ ಎರಡು ಸಲ. 'ಎಲ್ಲಾ ಇದೆ ಸರ್, ಟಾಪ್ ಮಾಡೆಲ್' ಅಂದ. 245 ಬಿಚ್ಚಿ ಕೊಟ್ಟೆ, 46 ಸಾವಿರ ಕೊಟ್ಟೆ, ಬಂದೆ.

ಶನಿವಾರ ಕುಮಾರಪರ್ವತ. ಕುಕ್ಕೆಯಿಂದ ಹತ್ತುವವರಿಗೆ ಗೊತ್ತು, ದಾರಿ ಮಧ್ಯದ ಭಟ್ಟರ ಮನೆ ಸಿಗುವ ತನಕ ಕಾಡು ಎಷ್ಟು ದಟ್ಟ ಅಂತ. ಮೊದಲೇ ದಾರಿಯ ಫೈಲ್ ವಾಚ್‌ಗೆ ಹಾಕಿಕೊಂಡಿದ್ದೆ. ಹತ್ತಲು ಶುರು ಮಾಡಿ ಅರ್ಧ ಗಂಟೆ ಆಗಿರಲಿಲ್ಲ, ವಾಚ್ ನಡುಗಿತು. 'ಆಫ್ ಕೋರ್ಸ್', ಅಂದರೆ ದಾರಿ ತಪ್ಪಿದ್ದೀಯ ಅಂತ. ನಾನು ದಾರಿ ಮೇಲೇ ಇದ್ದೇನೆ, ಮುಂದೆ ನಾಲ್ಕು ಜನ ನಡೆಯುತ್ತಿದ್ದಾರೆ, ಕಾಲ ಕೆಳಗೆ ಸವೆದ ಬೇರು ಕಾಣುತ್ತಿದೆ. ವಾಚ್ ಮಾತ್ರ ನನ್ನನ್ನು ಎಡಗಡೆ ಇಳಿಜಾರಿನಲ್ಲಿ ಇಟ್ಟಿತ್ತು. ಸ್ವಲ್ಪ ಹೊತ್ತಿಗೆ 'ಆನ್ ಕೋರ್ಸ್'. ಮತ್ತೆ 'ಆಫ್'. ಹೀಗೇ ಭಟ್ಟರ ಮನೆ ತನಕ.

ಅಲ್ಲಿ ಕೂತಾಗ ಗೆಳತಿಯೊಬ್ಬಳ ವಾಚ್ ಜೊತೆ ಹೋಲಿಸಿದೆವು. ಅವಳದು ಫೋರ್‌ರನ್ನರ್ 255, ಫೀನಿಕ್ಸ್ 7 ಬಂದ 2022ರಲ್ಲೇ ಬಂದದ್ದು, ಬೆಲೆ ಎಷ್ಟೋ ಕಡಿಮೆ. ಅವಳ ಗೆರೆ ದಾರದ ಹಾಗೆ ನೀಟಾಗಿತ್ತು. ನನ್ನದು ಕೋಳಿ ಕೆದಕಿದ ಹಾಗಿತ್ತು. ದೂರದಲ್ಲೂ ಸುಮಾರು 700 ಮೀಟರ್ ಜಾಸ್ತಿ ತೋರಿಸುತ್ತಿತ್ತು. 'ಮಲ್ಟಿಬ್ಯಾಂಡ್ ಆನ್ ಮಾಡಿದ್ದೀಯಾ?' ಅಂತ ಕೇಳಿದಳು. 'ಆಲ್ ಸಿಸ್ಟಮ್ಸ್ ಹಾಕಿದ್ದೀನಿ' ಅಂದೆ, ಅಂದರೆ ಜಿಪಿಎಸ್ ಜೊತೆ ಬೇರೆ ದೇಶಗಳ ಉಪಗ್ರಹಗಳನ್ನೂ ಕೇಳುವ ಆಯ್ಕೆ. 'ಅದಲ್ಲ, ಅದರ ಕೆಳಗಿನದು' ಅಂದಳು. ನನ್ನ ಕೈ ಹಿಡಿದು ಅವಳೇ ಬಟನ್ ಒತ್ತಿದಳು. ಜಿಪಿಎಸ್ ಓನ್ಲಿ ಇತ್ತು. ಆಲ್ ಸಿಸ್ಟಮ್ಸ್ ಇತ್ತು. 'ಆಲ್ ಪ್ಲಸ್ ಮಲ್ಟಿಬ್ಯಾಂಡ್' ಇರಲಿಲ್ಲ. ಪಟ್ಟಿ ಮುಗಿದು ಮತ್ತೆ ಮೇಲಕ್ಕೆ ಬಂತು. ಇನ್ನೊಂದು ಸಲ ಒತ್ತಿದಳು. ಮತ್ತೆ ಮೇಲಕ್ಕೆ ಬಂತು. ಅವಳು ಏನೂ ಹೇಳಲಿಲ್ಲ, ಸುಮ್ಮನೆ ನನ್ನ ಮುಖ ನೋಡಿದಳು. ಆ ಕ್ಷಣದಲ್ಲಿ ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು. ಬುಧವಾರ ಅಂಗಡಿಯ ಮೇಜಿನ ಮುಂದೆ ನಿಂತು ಇದೇ ಬಟನ್ ಅನ್ನು ನಾನೇ ಒತ್ತಿ ನೋಡಿದ್ದರೆ ಹತ್ತು ಸೆಕೆಂಡಿನ ಕೆಲಸ. ಹತ್ತೇ ಸೆಕೆಂಡ್.

1712 ಮೀಟರ್ ಎತ್ತರದ ಶಿಖರ ಹತ್ತಿದ್ದು ನನಗೆ ನೆನಪೇ ಇಲ್ಲ. ಭಟ್ಟರ ಮನೆ ದಾಟಿದ ಮೇಲೆ ಹುಲ್ಲುಗಾವಲು, ಅಲ್ಲಿ ನನ್ನ ಗೆರೆಯೂ ಸರಿಯಾಯಿತು. ಶಿಖರಕ್ಕೆ ಮೊದಲು ಸಿಗುವ ಶೇಷಪರ್ವತ ದಾಟಿ ಮತ್ತೆ ಮರಗಳ ನಡುವೆ ಇಳಿದಾಗ, ಅದೂ ಮಂಜು ಕವಿದಾಗ, ವಾಚ್ ಮತ್ತೆ ಸುಳ್ಳು ಹೇಳತೊಡಗಿತು. ಜೊತೆಗೆ ಜನ ಇದ್ದರು, ಸರಿ. ಒಬ್ಬನೇ ಅದನ್ನು ನಂಬಿ ಇಳಿದಿದ್ದರೆ? ಈಗಲೂ ಸಿಟ್ಟು ಬರುವುದು ಇದಕ್ಕೇ.

ಇಳಿಯುವಾಗ ಕಲ್ಲಿಗೆ ಕೈ ಊರಿದ್ದೆ, ಗಾಜಿನ ಮೇಲೆ ಕೂದಲೆಳೆಯಂಥ ಗೀರು ಬಿತ್ತು. ಸಫೈರ್ ಗಾಜು ಅಷ್ಟಕ್ಕೆಲ್ಲ ಗೀರು ಬೀಳುವುದಲ್ಲ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದೆ. ಸಫೈರ್ ಆಗಿದ್ದರೆ ಮೆಮೊರಿ 32 ಜಿಬಿ ಇರಬೇಕಿತ್ತು, 16ರ ಒಳಗೆ ತೋರಿಸಿತು. ಫೀನಿಕ್ಸ್ 7ರಲ್ಲಿ ಸಾದಾ ಇದೆ, ಸೋಲಾರ್ ಇದೆ, ಸಫೈರ್ ಸೋಲಾರ್ ಇದೆ. ಮಲ್ಟಿಬ್ಯಾಂಡ್ ಇರುವುದು ಸಫೈರ್‌ನಲ್ಲಿ ಮಾತ್ರ. ಕಂಪನಿ ತನ್ನ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿದೆ, ಅವರ ತಪ್ಪಿಲ್ಲ. ಆಮೇಲೆ 2023ರಲ್ಲಿ ಬಂದ 7 ಪ್ರೋದಲ್ಲಿ ಎಲ್ಲದಕ್ಕೂ ಕೊಟ್ಟಿದ್ದಾರೆ. ನನಗೆ ಕೊಟ್ಟದ್ದು ಬರೀ ಸೋಲಾರ್. ತಗೊಂಡದ್ದು ಸಫೈರ್‌ನ ದುಡ್ಡು.

ಭಾನುವಾರ ಫೋನ್ ಮಾಡಿದೆ. 'ಅದು ಅಪ್‌ಡೇಟ್‌ನಲ್ಲಿ ಬರುತ್ತೆ ಸರ್, ವೈಫೈಗೆ ಹಾಕಿ ರಾತ್ರಿ ಬಿಡಿ.' ಬಿಟ್ಟೆ. ಬರಲಿಲ್ಲ. ಸೋಮವಾರ: 'ರೀಸೆಟ್ ಮಾಡಿ ಸರ್.' ಮಾಡಿದೆ. ಮಂಗಳವಾರ: 'ನಮ್ಮ ಟೆಕ್ನಿಷಿಯನ್ ಊರಿಗೆ ಹೋಗಿದಾರೆ, ಗುರುವಾರ ಬನ್ನಿ.' ಒಳಗೆ ಎರಡನೇ ಬ್ಯಾಂಡ್ ಹಿಡಿಯುವ ಚಿಪ್ಪೇ ಇಲ್ಲದಿದ್ದರೆ ಯಾವ ಅಪ್‌ಡೇಟ್ ತಾನೇ ಏನು ಮಾಡುತ್ತದೆ? ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಇರಬಹುದೇನೋ ಅಂತ ಮೂರು ದಿನ ಕಾದೆ. ಅವನಿಗೆ ಬೇಕಾಗಿದ್ದದ್ದೂ ಆ ಮೂರು ದಿನವೇ.

ಗುರುವಾರ ಹೋದರೆ ಮೊದಲ ಮಾತು, 'ಏಳು ದಿನ ನಿನ್ನೆಗೆ ಮುಗೀತಲ್ಲ ಸರ್.' ಜಾಹೀರಾತಿನಲ್ಲಿ ಸಫೈರ್ ಅಂತ ಹಾಕಿದ್ದೀರಲ್ಲ ಅಂದೆ. 'ಅದು ಬೇರೆ ಪೀಸ್.' ಬಿಲ್ ತೆಗೆದು ನೋಡಿದೆ. 'ಸ್ಮಾರ್ಟ್ ವಾಚ್ – 1' ಅಂತ ಇದೆ. ಮಾದರಿಯ ಹೆಸರೇ ಇಲ್ಲ, ಸೀರಿಯಲ್ ನಂಬರೂ ಇಲ್ಲ. ನನ್ನ ದನಿ ಏರಿತು. ಅವನದು ಏರಲೇ ಇಲ್ಲ. 'ನೀವೇ ನೋಡಿ, ಕೈಗೆ ಕಟ್ಟಿಕೊಂಡು ತಾನೇ ತಗೊಂಡಿದ್ದು?' ಅಂದ. ಪಕ್ಕದಲ್ಲಿದ್ದ ಗಿರಾಕಿ ತಲೆ ತಗ್ಗಿಸಿದರು. ಅಂಗಡಿಯವನಿಗೆ ಆಗಬೇಕಿದ್ದ ನಾಚಿಕೆ ನನಗೆ ಆಯಿತು, ಅದೇ ಸಂಕಟ. ಕನಿಷ್ಠ ನನ್ನ 245 ವಾಪಸ್ ಕೊಡಿ ಅಂದರೆ 'ಅದು ಆಗಲೇ ಸೇಲ್ ಆಯ್ತು ಸರ್' ಅಂದ.

ಅಲ್ಲಿಂದ ಮುಂದೆ ಮೆಸೇಜ್‌ಗೆ ನೀಲಿ ಗುರುತು ಮಾತ್ರ, ಉತ್ತರ ಇಲ್ಲ. ಜಾಹೀರಾತನ್ನೂ ತೆಗೆದುಬಿಟ್ಟ. ಪುಣ್ಯಕ್ಕೆ ಅದನ್ನು ಖುಷಿಯಲ್ಲಿ ನಮ್ಮ ಗುಂಪಿಗೆ ಕಳಿಸಿದ್ದೆ, ಅಲ್ಲಿ ಉಳಿದಿದೆ. ಅದನ್ನು ಇಟ್ಟುಕೊಂಡು 1915ಕ್ಕೆ, ಗ್ರಾಹಕರ ಸಹಾಯವಾಣಿಗೆ, ದೂರು ಕೊಟ್ಟಿದ್ದೇನೆ. ಏನಾಗುತ್ತದೋ ನೋಡಬೇಕು.

ನೀವು ತಗೊಳ್ಳುವಾಗ ಹೆಸರು ನೋಡಬೇಡಿ, ಅಂಗಡಿಯವನ ಬಾಯಿ ನೋಡಬೇಡಿ. ಸ್ಯಾಟಲೈಟ್ಸ್ ಮೆನು ತೆಗೆಯಿರಿ, ಮಲ್ಟಿಬ್ಯಾಂಡ್ ಅನ್ನುವ ಸಾಲು ಕಣ್ಣಾರೆ ಕಾಣಬೇಕು. ಬಿಲ್ ಮೇಲೆ ಪೂರ್ತಿ ಮಾದರಿ ಮತ್ತು ಸೀರಿಯಲ್ ನಂಬರ್ ಬರೆಸಿ, ಬರೆಯಲ್ಲ ಅಂದರೆ ಎದ್ದು ಬನ್ನಿ. 'ಅಪ್‌ಡೇಟ್‌ನಲ್ಲಿ ಬರುತ್ತೆ' ಅಂದರೆ ಅದೇ ದಿನ ವಾಪಸ್ ಕೊಡಿ. ಕಾಡಿಗೆ ಹೋಗುವುದೇ ಇಲ್ಲ, ಬರೀ ಪಾರ್ಕಿನಲ್ಲಿ ಓಡುವುದು ಅಂದರೆ ಹಳೇದನ್ನೇ ಇಟ್ಟುಕೊಳ್ಳಿ.

ಇಷ್ಟು ಬರೆಯುವಷ್ಟರಲ್ಲಿ ಗೆಳತಿ ಒಂದು ಸ್ಕ್ರೀನ್‌ಶಾಟ್ ಕಳಿಸಿದಳು. ಆ ಅಂಗಡಿಯ ವಾಟ್ಸಾಪ್ ಸ್ಟೇಟಸ್. 'ಫೋರ್‌ರನ್ನರ್ 255, ಮಲ್ಟಿಬ್ಯಾಂಡ್, ಸಿಂಗಲ್ ಓನರ್.' ದೊಡ್ಡದು ಮಾಡಿ ನೋಡಿದೆ. ಸ್ಟಾರ್ಟ್ ಬಟನ್ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಚೂರು ಎದ್ದಿದೆ. ಅದು ನನ್ನ ವಾಚ್. ಅದು 255 ಅಲ್ಲ, 2019ರ 245. ಅದರಲ್ಲಿ ಮಲ್ಟಿಬ್ಯಾಂಡ್ ಇಲ್ಲ, ಬರೋಮೀಟರ್ ಇಲ್ಲ. ಅದಕ್ಕೆ ಅಡ್ವಾನ್ಸ್ ಕೊಟ್ಟವರು ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತೇ ಹೋಗಿ ದುಡ್ಡು ವಾಪಸ್ ಕೇಳಿ, ಸಾಕ್ಷಿ ಬೇಕಾದರೆ ನಾನು ಬರುತ್ತೇನೆ.