ಮ್ಯಾಗ್ನಟೈಟ್–ಕೈಟೋಸಾನ್ ನ್ಯಾನೋ ಪುಡಿ: ನೀರಿಗೆ ಸೈ, ಔಷಧಿಗೆ ಇನ್ನೂ ಪ್ರಯೋಗದ ಸರಕು

ಪ್ರಯೋಗಾಲಯಗಳಿಗೆಂದು ಮಾರುವ ಫೆರೈಟ್ (ಕಬ್ಬಿಣ ಸೇರಿದ ಕಾಂತೀಯ ಆಕ್ಸೈಡ್) ನ್ಯಾನೋ ಪುಡಿಗಳ ವಿವರಣೆಯಲ್ಲಿ ನೀರಿನ ಶುದ್ಧೀಕರಣ, ನಿಯಂತ್ರಿತ ಔಷಧಿ ಬಿಡುಗಡೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿರುತ್ತಾರೆ. ಇಲ್ಲಿ ಪರಿಶೀಲಿಸುತ್ತಿರುವುದು ಹೆಚ್ಚು ಬಳಕೆಯಲ್ಲಿರುವ ಬಗೆಯನ್ನು: ಸುಮಾರು 10 ನ್ಯಾನೋಮೀಟರ್ ಗಾತ್ರದ ಮ್ಯಾಗ್ನಟೈಟ್ (ಕಪ್ಪು ಕಬ್ಬಿಣದ ಆಕ್ಸೈಡ್) ಕಣಗಳು, ಮೇಲೆ ಸಿಗಡಿ, ಏಡಿಗಳ ಚಿಪ್ಪಿನಿಂದ ತೆಗೆಯುವ ಕೈಟೋಸಾನ್ ಎಂಬ ಪಾಲಿಮರಿನ ಹೊದಿಕೆ. ನೀರಿನಿಂದ ಆರ್ಸೆನಿಕ್ ತೆಗೆಯಲು ಇದು ನಿಜಕ್ಕೂ ಒಳ್ಳೆಯ ವಸ್ತು. ಔಷಧಿಯ ಮಾತು ಬೇರೆ.

ಡಬ್ಬಿ ತೆರೆದ ಕೂಡಲೇ ಬಣ್ಣ ನೋಡಿ. ಪುಡಿ ಕಡುಗಪ್ಪಾಗಿರಬೇಕು. ಕಂದು ಬಣ್ಣಕ್ಕೆ ತಿರುಗಿದ್ದರೆ ಗಾಳಿ ತಾಗಿ ಮ್ಯಾಗ್ನಟೈಟ್ ಇನ್ನಷ್ಟು ಉತ್ಕರ್ಷಿತವಾಗಿ ಮ್ಯಾಗ್ಹೆಮೈಟ್ ಎಂಬ ಬೇರೆ ಆಕ್ಸೈಡ್ ಆಗಿದೆ ಎಂದರ್ಥ. ಅದೂ ಅಯಸ್ಕಾಂತಕ್ಕೆ ಅಂಟುತ್ತದೆ, ಹಾಗಾಗಿ ಬರೀ ಅಯಸ್ಕಾಂತ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯದು. ಚೀಟಿಯಲ್ಲಿ ಬರೆದ ಕಾಂತೀಯತೆಯ ಅಂಕಿಯನ್ನೂ ಗಮನಿಸಿ. ದೊಡ್ಡ ಹರಳಿನ ಮ್ಯಾಗ್ನಟೈಟಿಗೇ ಗ್ರಾಂಗೆ ಸುಮಾರು 92 ಇಎಂಯು (ಕಾಂತೀಯತೆಯ ಅಳತೆಮಾನ) ಮಾತ್ರ; ಹೊದಿಕೆ ಇರುವ 10 ನ್ಯಾನೋಮೀಟರ್ ಪುಡಿಗೆ 90 ಎಂದು ಬರೆದಿದ್ದರೆ ನಂಬಬೇಡಿ. ಸಾಧ್ಯವಿದ್ದರೆ ಒಣ ಪುಡಿ ಬಿಟ್ಟು ನೀರಿನಲ್ಲಿ ತೇಲಿಸಿದ ರೂಪದಲ್ಲೇ ಕೊಳ್ಳಿ. ಒಮ್ಮೆ ಬಿಸಿಯಲ್ಲಿ ಒಣಗಿ ಗಂಟುಕಟ್ಟಿದ ಕಣಗಳು ಎಷ್ಟು ಹೊತ್ತು ಅಲ್ಟ್ರಾಸೌಂಡ್ ಕೊಟ್ಟರೂ ಪೂರ್ತಿ ಬಿಡಿಬಿಡಿಯಾಗುವುದಿಲ್ಲ.

ಕೋಬಾಲ್ಟ್ ಮತ್ತು ನಿಕಲ್ ಫೆರೈಟ್‌ಗಳೂ ಇದೇ ಸಾಲಿನಲ್ಲಿ ಸಿಗುತ್ತವೆ. ಕುಡಿಯುವ ನೀರಿಗೆ ಅವು ಬೇಡ. ಆಮ್ಲ ತಾಗಿದರೆ ಆ ಲೋಹಗಳು ಕರಗಿ ಹೊರಬರುತ್ತವೆ. ಒಂದು ವಿಷ ತೆಗೆಯಲು ಹೋಗಿ ಇನ್ನೊಂದನ್ನು ಸೇರಿಸಿದಂತಾಗುತ್ತದೆ.

ಪುಡಿ ಒಂದು ಗ್ರಾಂಗೆ ಎಷ್ಟು ಮಿಲಿಗ್ರಾಂ ಆರ್ಸೆನಿಕ್ ಹಿಡಿಯುತ್ತದೆ ಎಂಬ ಅಂಕಿಗೆ ಮರುಳಾಗುವವರೇ ಹೆಚ್ಚು. ಆ ಅಂಕಿ ಬರುವುದು ನೀರಿನಲ್ಲಿ ಆರ್ಸೆನಿಕ್ ಧಾರಾಳವಾಗಿದ್ದಾಗ. ಲೀಟರಿಗೆ 100 ಮೈಕ್ರೋಗ್ರಾಂ ಇರುವ ಒಂದು ಲೀಟರ್ ನೀರಿಗೆ 0.5 ಗ್ರಾಂ ಪುಡಿ ಹಾಕಿ ಅದನ್ನು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಾದ 10 ಮೈಕ್ರೋಗ್ರಾಂಗೆ ಇಳಿಸಿದರೆ, ಗ್ರಾಂಗೆ ಹಿಡಿದದ್ದು ಬರೀ 0.18 ಮಿಲಿಗ್ರಾಂ. ಪುಡಿಯ ಗುಣ ತಿಳಿಯುವುದು ಇಂಥ ತೆಳು ನೀರಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎನ್ನುವುದರಿಂದ. ಮಾರುವವರಿಂದ ಆ ಮಾಹಿತಿಯನ್ನೇ ಕೇಳಿ.

ಬಳಸುವಾಗ ಮೊದಲು ನೀರಿನ ಪಿಎಚ್ ಅಳೆಯಿರಿ. 6.5ರಿಂದ 7.5ರ ನಡುವೆ ಇದ್ದರೆ ಅನುಕೂಲ. ಪಿಎಚ್ ಏರಿದಂತೆ ಕಣಗಳ ಮೇಲ್ಮೈ ಋಣವಿದ್ಯುತ್ತಿನತ್ತ ವಾಲುತ್ತದೆ, ಋಣ ಅಯಾನಾಗಿರುವ ಆರ್ಸೆನೇಟ್ (ಆರ್ಸೆನಿಕ್‌ನ ಉತ್ಕರ್ಷಿತ ರೂಪ) ದೂರ ಸರಿಯುತ್ತದೆ. ತೀರಾ ಇಳಿದರೆ ಅಡ್ಡಕೊಂಡಿ ಹಾಕದ, ಅಂದರೆ ಸರಪಳಿಗಳನ್ನು ಒಂದಕ್ಕೊಂದು ಬೆಸೆಯದ ಕೈಟೋಸಾನ್ ಕರಗಿಹೋಗುತ್ತದೆ. ಅಂತರ್ಜಲದಲ್ಲಿ ಆರ್ಸೆನಿಕ್ ಬಹುಮಟ್ಟಿಗೆ ಆರ್ಸೆನೈಟ್ ರೂಪದಲ್ಲಿರಬಹುದು. ಸಾಮಾನ್ಯ ಪಿಎಚ್‌ನಲ್ಲಿ ಅದಕ್ಕೆ ವಿದ್ಯುದಾವೇಶ ಇಲ್ಲದ ಕಾರಣ ಕ್ಲೋರಿನ್‌ನಿಂದ ಉತ್ಕರ್ಷಿಸಿ ಆರ್ಸೆನೇಟ್ ಮಾಡಿಕೊಂಡರೆ ಹಿಡಿತ ಸುಲಭ. ಆದರೆ ಉಳಿದ ಕ್ಲೋರಿನ್ ತೆಗೆದ ಮೇಲಷ್ಟೇ ಪುಡಿ ಹಾಕಬೇಕು, ಇಲ್ಲದಿದ್ದರೆ ಕೈಟೋಸಾನ್ ಸರಪಳಿಗಳು ತುಂಡಾಗುತ್ತವೆ. ಇನ್ನು ಕಲಕುವ ವಿಧಾನ. ಮ್ಯಾಗ್ನೆಟಿಕ್ ಸ್ಟಿರರ್ ಬೇಡವೇ ಬೇಡ; ಪುಡಿಯೆಲ್ಲ ಅದರ ಕಡ್ಡಿಗೇ ಮೆತ್ತಿಕೊಳ್ಳುತ್ತದೆ, ನೀರಿನಲ್ಲಿ ಏನೂ ಉಳಿಯದು. ಮೇಲಿನಿಂದ ತಿರುಗಿಸುವ ರೆಕ್ಕೆಯ ಕಲಕಿ ಅಥವಾ ಅಲುಗಾಡಿಸುವ ಯಂತ್ರ ಬಳಸಿ.

ಪಾತ್ರೆಯ ಪಕ್ಕದಲ್ಲಿ ನಿಯೋಡಿಮಿಯಮ್ ಅಯಸ್ಕಾಂತ ಇಟ್ಟರೆ ಕಪ್ಪೆಲ್ಲ ಗೋಡೆಗೆ ಸರಿದು ನೀರು ತಿಳಿಯಾಗುವುದು ಈ ವಸ್ತುವಿನ ಅತಿ ದೊಡ್ಡ ಅನುಕೂಲ. ಸುಮಾರು 12 ನ್ಯಾನೋಮೀಟರ್ ಕಣಗಳನ್ನೂ ತೀರಾ ಬಲವಲ್ಲದ ಕಾಂತಕ್ಷೇತ್ರದಿಂದಲೇ ಬೇರ್ಪಡಿಸಬಹುದೆಂದು ರೈಸ್ ವಿಶ್ವವಿದ್ಯಾಲಯದ ತಂಡ 2006ರಲ್ಲಿ ತೋರಿಸಿತ್ತು. ಆದರೆ ಕಣ್ಣಿಗೆ ತಿಳಿಯಾಗಿ ಕಂಡ ಮಾತ್ರಕ್ಕೆ ಕಣಗಳಿಲ್ಲ ಎನ್ನುವಂತಿಲ್ಲ. ಒಂಟಿ ಕಣಗಳು 0.22 ಮೈಕ್ರಾನ್ ಸೋಸುಹಾಳೆಯನ್ನೂ ದಾಟುತ್ತವೆ. ಬೇರ್ಪಡಿಸಿದ ನೀರನ್ನು ಆಮ್ಲದಲ್ಲಿ ಜೀರ್ಣಿಸಿ ಒಟ್ಟು ಕಬ್ಬಿಣ ಅಳೆಯುವುದೊಂದೇ ಭರವಸೆಯ ದಾರಿ.

ಮರುಬಳಕೆಗೆ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ತೊಳೆದು, ಪಿಎಚ್ ತಟಸ್ಥವಾಗುವವರೆಗೆ ಶುದ್ಧ ನೀರು ಹಾಯಿಸಿ. ತೊಳೆದ ಕ್ಷಾರದಲ್ಲಿ ಆರ್ಸೆನಿಕ್ ಸಾಂದ್ರವಾಗಿರುತ್ತದೆ. ಅದನ್ನು ಚರಂಡಿಗೆ ಸುರಿಯುವುದು ಅಪರಾಧ. ಪ್ರತಿ ಸುತ್ತಿನಲ್ಲೂ ಹಿಡಿತ ತುಸು ಕುಗ್ಗುತ್ತದೆ. ನೀರಿನಲ್ಲಿ ಫಾಸ್ಫೇಟ್ ಇದ್ದರಂತೂ ಮೊದಲ ಸುತ್ತಿನಲ್ಲೇ ಕುಗ್ಗಿರುತ್ತದೆ, ಏಕೆಂದರೆ ಅದು ಆರ್ಸೆನೇಟಿನ ಹಾಗೆಯೇ ಇದ್ದು ಅದೇ ಜಾಗಗಳಿಗೆ ಪೈಪೋಟಿ ಮಾಡುತ್ತದೆ.

ಇದೇ ಫಾಸ್ಫೇಟ್ ಔಷಧಿಯ ಪ್ರಯೋಗದಲ್ಲಿ ಕಣ್ಣಿಗೆ ಮಣ್ಣೆರಚುತ್ತದೆ. ಕ್ಯಾನ್ಸರ್ ಔಷಧಿ ಡಾಕ್ಸೊರೂಬಿಸಿನ್ ತುಂಬಿದ ಕಣಗಳನ್ನು ಡಯಾಲಿಸಿಸ್ ಚೀಲದಲ್ಲಿಟ್ಟು (ಔಷಧಿಯನ್ನು ಹೊರಬಿಟ್ಟು ಕಣಗಳನ್ನು ತಡೆಯುವ ಚೀಲ), 37 ಡಿಗ್ರಿಯಲ್ಲಿ ಫಾಸ್ಫೇಟ್ ಬಫರಿನೊಳಗೆ (ಪಿಎಚ್ ಬದಲಾಗದಂತೆ ಕಾಯುವ ದ್ರಾವಣ) ಬಿಡುಗಡೆ ಅಳೆಯುವುದು ವಾಡಿಕೆ. ಫಾಸ್ಫೇಟ್ ಕಬ್ಬಿಣದ ಮೇಲ್ಮೈಗೆ ಅಂಟಿ ಅಲ್ಲಿದ್ದುದನ್ನು ಹೊರದಬ್ಬಬಲ್ಲದು. ಕಂಡದ್ದು ಪಿಎಚ್‌ನ ಪರಿಣಾಮವೋ ಬಫರಿನದೋ ತಿಳಿಯಲು, ಫಾಸ್ಫೇಟ್ ಇಲ್ಲದ ಬೇರೆ ಬಫರಿನಲ್ಲೂ ಪಿಎಚ್ 7.4 ಮತ್ತು 5.0ರಲ್ಲಿ ಅಳೆದು ಹೋಲಿಸಿ. ಬರೀ ಔಷಧಿ ತುಂಬಿದ ಚೀಲವೊಂದು ಜೊತೆಗಿರಲೇಬೇಕು. ಚೀಲವೂ ಔಷಧಿಯನ್ನು ತಡೆದು ನಿಧಾನವಾಗಿ ಬಿಡುವುದರಿಂದ, ಅದನ್ನು ಕಣಗಳ ಗುಣವೆಂದು ಭಾವಿಸುವ ಅಪಾಯವಿದೆ. ಡಾಕ್ಸೊರೂಬಿಸಿನ್ ಕಬ್ಬಿಣದೊಂದಿಗೆ ಸೇರಿ ಬಣ್ಣವನ್ನೂ ಬದಲಿಸುತ್ತದೆ, ಆಗ 480 ನ್ಯಾನೋಮೀಟರಿನಲ್ಲಿ ತೆಗೆದ ಅಳತೆ ತಪ್ಪುತ್ತದೆ.

ವಿವರಣೆಯಲ್ಲಿ "80 ಶೇಕಡಾ" ಎಂದಿದ್ದರೆ ಯಾವುದರ ಶೇಕಡಾ ಎಂದು ಕೇಳಿ. 20 ಮಿಲಿಗ್ರಾಂ ಕಣಗಳಿಗೆ 10 ಮಿಲಿಗ್ರಾಂ ಔಷಧಿ ಕೊಟ್ಟು 8 ಅಂಟಿದರೆ, ಕೊಟ್ಟದ್ದರಲ್ಲಿ ಹಿಡಿದದ್ದು 80 ಶೇಕಡಾ. ಒಟ್ಟು ತೂಕದಲ್ಲಿ ಔಷಧಿಯ ಪಾಲು 28.6 ಮಾತ್ರ.

ದೇಹದ ಹೊರಗಿನ ಅಯಸ್ಕಾಂತದಿಂದ ಕಣಗಳನ್ನು ಆಳದ ಅಂಗಕ್ಕೆ ಸೆಳೆಯಬಹುದೆಂಬ ಚಿತ್ರಗಳು ಆಕರ್ಷಕ, ಆದರೆ ದೂರ ಹೆಚ್ಚಿದಂತೆ ಸೆಳೆತ ಬಹುಬೇಗ ಕುಸಿಯುತ್ತದೆ, ರಕ್ತದ ಹರಿವು ಕಣಗಳನ್ನು ಒಯ್ಯುತ್ತದೆ. 2009ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಕಬ್ಬಿಣದ ಆಕ್ಸೈಡ್ ಕಣಗಳ ಔಷಧಿ ಫೆರುಮಾಕ್ಸಿಟಾಲ್ ಕೂಡ ರಕ್ತಹೀನತೆಗೆ ಕಬ್ಬಿಣ ಕೊಡುವಂಥದ್ದು, ಬೇರೆ ಔಷಧಿ ಹೊತ್ತೊಯ್ಯುವಂಥದ್ದಲ್ಲ. ಪ್ರಯೋಗಾಲಯದ ಡಬ್ಬಿಯ ಪುಡಿ ಕ್ರಿಮಿರಹಿತವೂ ಅಲ್ಲ, ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷಾಂಶ) ಪರೀಕ್ಷೆಯಾದದ್ದೂ ಅಲ್ಲ. ಅಡ್ಡಕೊಂಡಿ ಹಾಕಲು ಗ್ಲುಟರಾಲ್ಡಿಹೈಡ್ ಬಳಸಿದ್ದರೆ ಅದರ ಶೇಷ ಜೀವಕೋಶಗಳನ್ನು ಕೊಲ್ಲುತ್ತದೆ, ಆ ಸಾವನ್ನು ಔಷಧಿಯ ಲೆಕ್ಕಕ್ಕೆ ಬರೆದುಕೊಳ್ಳಬಾರದು. ಹಾಗಾಗಿ ಜೀವಕೋಶಗಳ ಪ್ರಯೋಗಕ್ಕೆ ಇಳಿಯುವ ಮುನ್ನ ಔಷಧಿ ತುಂಬದ ಬರಿಯ ಕಣಗಳನ್ನು ಅದೇ ಪ್ರಮಾಣದಲ್ಲಿ ಪರೀಕ್ಷಿಸಿ.