ಆ್ಯಪ್ ಇನ್ವೆಂಟರ್‌ಗೆ ಹೊರಗಿನ ಚಾಟ್‌ಬಾಟ್: ಕೆಲವು ಮಳೆಗಾಲ ಬಳಸಿದ ಮೇಲೆ

ನನ್ನ ರೇಟಿಂಗ್: 5ಕ್ಕೆ 4

ಶಿರಸಿ ಸೀಮೆಯ ನಮ್ಮೂರಿನ ಅಡಿಕೆ ಬೆಳೆಗಾರರಿಗೆ ಅಂತ ಎಂಐಟಿ ಆ್ಯಪ್ ಇನ್ವೆಂಟರ್‌ನಲ್ಲಿ ಒಂದು ಸಣ್ಣ ಆ್ಯಪ್ ಮಾಡಿ ನಡೆಸುತ್ತಿದ್ದೇನೆ. ತೋಟದ ಪ್ರಶ್ನೆ ಟೈಪ್ ಮಾಡಿದರೆ ಚಾಟ್‌ಬಾಟ್ ಉತ್ತರ ಕೊಡುತ್ತದೆ. ಗೂಗಲ್‌ನಲ್ಲಿ ಹುಟ್ಟಿದ ಆ್ಯಪ್ ಇನ್ವೆಂಟರ್ ಅನ್ನೋ ಈ ಆ್ಯಪ್ ಕಟ್ಟುವ ಟೂಲ್ 2012ರಿಂದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಕೈಯಲ್ಲಿದೆ. ಪೂರ್ತಿ ಉಚಿತ. ಕೋಡ್ ಬರೆಯೋದು ಬೇಡ, ಬ್ಲಾಕ್ ಜೋಡಿಸಿದರೆ ಆಯ್ತು.

ಇದರಲ್ಲೇ ಚಾಟ್‌ಬಾಟ್ ಅನ್ನೋ ಕಾಂಪೊನೆಂಟ್ (ಸಿದ್ಧ ಬಿಡಿಭಾಗ) ಇದೆ. ಶಾಲೆ ಮಕ್ಕಳಿಗೆ ಕಲಿಸಲು ಅದು ಭೇಷ್. ಆದರೆ ನಮಗೆ ಬೇಕಾದ ಸೇವೆಯನ್ನೇ ಜೋಡಿಸಬೇಕು ಅಂದರೆ ವೆಬ್ ಕಾಂಪೊನೆಂಟ್ ಹಿಡಿಯಬೇಕು. ಪೋಸ್ಟ್‌ಟೆಕ್ಸ್ಟ್ ಬ್ಲಾಕ್ ಪ್ರಶ್ನೆ ಕಳಿಸುತ್ತದೆ, ಗಾಟ್‌ಟೆಕ್ಸ್ಟ್ ಬ್ಲಾಕ್‌ನಲ್ಲಿ ಉತ್ತರ ಬರುತ್ತದೆ. ಕನ್ನಡ ಅಕ್ಷರ ಎಲ್ಲೂ ಕೆಡೋದಿಲ್ಲ. ಪ್ರಶ್ನೆಯನ್ನು ಮಾತ್ರ ಕೈಯಾರೆ ಜೇಸನ್ (ಸೇವೆಗೆ ಮಾಹಿತಿ ಕಳಿಸುವ ಪಠ್ಯರೂಪ) ಒಳಗೆ ತುರುಕಬೇಡಿ. ಯಾರಾದರೂ ಎರಡು ಸಾಲಲ್ಲಿ ಟೈಪ್ ಮಾಡಿದರೆ ಎಲ್ಲ ಮುರಿದು ಬೀಳುತ್ತದೆ. ಡಿಕ್ಷನರಿ ಬ್ಲಾಕ್ ಬಳಸಿ.

ಎಲ್ಲಕ್ಕಿಂತ ಮುಖ್ಯ ಮಾತು: ಎಪಿಐ ಕೀಯನ್ನು (ಬಾಟ್ ಸೇವೆ ಬಳಸಲು ನಿಮಗೆ ಕೊಡುವ ಗುಟ್ಟಿನ ಸಂಕೇತ) ಆ್ಯಪ್ ಒಳಗೆ ಇಡಲೇಬೇಡಿ. ಎಪಿಕೆ (ಆ್ಯಪ್‌ನ ಫೈಲ್) ಬಿಚ್ಚಿ ಕೀ ತೆಗೆಯೋದು ಗೊತ್ತಿದ್ದವರಿಗೆ ಸುಲಭ, ಆಮೇಲೆ ಬಿಲ್ ಬರೋದು ನಿಮ್ಮ ತಲೆಗೆ. ನಾನು ನಡುವೆ ಗೂಗಲ್ ಆ್ಯಪ್ಸ್ ಸ್ಕ್ರಿಪ್ಟ್ (ಗೂಗಲ್ ಸರ್ವರ್‌ನಲ್ಲಿ ಓಡುವ ಸಣ್ಣ ಪ್ರೋಗ್ರಾಂ) ಇಟ್ಟಿದ್ದೇನೆ. ಆ್ಯಪ್ ಸ್ಕ್ರಿಪ್ಟನ್ನು ಕೇಳುತ್ತದೆ, ಸ್ಕ್ರಿಪ್ಟ್ ಬಾಟನ್ನು ಕೇಳುತ್ತದೆ. ಕೀ ಸ್ಕ್ರಿಪ್ಟ್ ಪ್ರಾಪರ್ಟೀಸ್‌ನಲ್ಲಿ ಭದ್ರ. ಗೂಗಲ್‌ನ ಬಾಟ್ ಸೇವೆ ಡೈಲಾಗ್‌ಫ್ಲೋ ಜೋಡಿಸೋರಿಗೂ ಇದೇ ದಾರಿ ಒಳ್ಳೇದು, ಅದಕ್ಕೆ ಬರೀ ಕೀ ಸಾಲದು, ಆಗಾಗ ಹೊಸ ಟೋಕನ್ (ತಾತ್ಕಾಲಿಕ ಪ್ರವೇಶ ಸಂಕೇತ) ಬೇಕು. ನಾನು ಮೊದಲು ಬಳಸುತ್ತಿದ್ದ ಬಾಟ್ ಸೇವೆ ಏಕಾಏಕಿ ದರ ಏರಿಸಿತು. ಸ್ಕ್ರಿಪ್ಟ್‌ನಲ್ಲಿ ನಾಲ್ಕಾರು ಸಾಲು ಬದಲಿಸಿ ಬೇರೆ ಸೇವೆಗೆ ಹೋದೆ. ಊರಿನ ಯಾರ ಫೋನಿಗೂ ಹೊಸ ಎಪಿಕೆ ಕಳಿಸುವ ಕೆಲಸ ಬೀಳಲಿಲ್ಲ. ಎಷ್ಟು ನಿರಾಳ ಅಂತೀರಿ!

ಉತ್ತರದ ಗುಣಮಟ್ಟದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ‘ಕೊಳೆ ಔಷಧಕ್ಕೆ ಸುಣ್ಣ ಎಷ್ಟು ಹಾಕವು?’ ಅಂತ ಹವ್ಯಕ ಕನ್ನಡದಲ್ಲಿ ಕೇಳಿದರೂ ಬಾಟ್‌ಗೆ ಅರ್ಥವಾಗುತ್ತದೆ. ಆದರೆ ಪ್ರಮಾಣ ಒಮ್ಮೆ ಒಂದು ಹೇಳಿದರೆ ಇನ್ನೊಮ್ಮೆ ಇನ್ನೊಂದು. ಇದು ತಮಾಷೆ ವಿಷಯ ಅಲ್ಲ. ಜುಲೈ ಮಳೆಯಲ್ಲಿ ಔಷಧ ಕೆಟ್ಟರೆ ಕಾಯಿ ಉದುರುತ್ತದೆ, ವರ್ಷದ ಫಸಲೇ ಹೋದೀತು. ಅದಕ್ಕೇ ಕೊಳೆರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದ ಲೆಕ್ಕವನ್ನು ನಾನೇ ಬರೆದು, ಪ್ರತಿ ಪ್ರಶ್ನೆಯ ಜೊತೆಗೂ ಸ್ಕ್ರಿಪ್ಟ್‌ನಿಂದ ಕಳಿಸುತ್ತೇನೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಇದರ ಹೊರಗಿನ ಪ್ರಮಾಣ ಹೇಳಬೇಡ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು ಅಂತಲೂ ಬರೆದಿದ್ದೇನೆ. ಅಲ್ಲಿಂದ ಈಚೆ ಉತ್ತರ ಎಷ್ಟೋ ಸುಧಾರಿಸಿದೆ. ಆದರೂ ತಿಂಗಳಿಗೊಮ್ಮೆ ಕೂತು ಉತ್ತರಗಳನ್ನು ಓದುತ್ತೇನೆ. ನೀವೂ ಓದಿ.

ಖರ್ಚು? ಕನ್ನಡಕ್ಕೆ ಇಂಗ್ಲಿಷಿಗಿಂತ ಟೋಕನ್ (ಇಲ್ಲಿ, ಬಾಟ್ ಲೆಕ್ಕ ಹಾಕುವ ಪಠ್ಯದ ತುಣುಕು) ಜಾಸ್ತಿ ಹೋಗುತ್ತದೆ, ಬಿಲ್ಲೂ ಅದೇ ಪ್ರಕಾರ. ಸೇವೆಯ ಪುಟದಲ್ಲಿ ತಿಂಗಳ ಮಿತಿ ಹಾಕಿಡಿ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು ಬ್ಲಾಕ್‌ಗಳ ಗೋಜಲಿಗೆ. ಆ್ಯಪ್ ಬೆಳೆದಂತೆ ಪರದೆ ತುಂಬ ಬ್ಲಾಕ್ ಹರಡಿ, ಬೇಕಾದ್ದು ಹುಡುಕೋದೇ ಕೆಲಸವಾಗುತ್ತದೆ. ಇನ್ನು ನಮ್ಮ ಕಡೆ ಮಳೆಗಾಲದ ನೆಟ್‌ವರ್ಕ್ ಗೊತ್ತೇ ಇದೆ ಅಲ್ವಾ? ಟೈಮ್‌ಔಟ್ ಹಾಕದಿದ್ದರೆ ಜನ ಸುಮ್ನೆ ಪರದೆ ನೋಡುತ್ತಾ ಕೂರುತ್ತಾರೆ. ಪದೇ ಪದೇ ಬರುವ ಪ್ರಶ್ನೆಗಳ ಉತ್ತರವನ್ನು ಟೈನಿಡಿಬಿಯಲ್ಲಿ (ಫೋನಿನೊಳಗೇ ಮಾಹಿತಿ ಇಡುವ ಕಾಂಪೊನೆಂಟ್) ಉಳಿಸಿಟ್ಟರೆ ಕರೆಂಟ್, ಟವರ್ ಎರಡೂ ಹೋದಾಗಲೂ ಫೋನಿನಲ್ಲೇ ಸಿಗುತ್ತವೆ.