ನಕಲು ಸಕಾಲಕ್ಕೆ ಸಿಕ್ಕಿತು, ಮಸಿ ಮಾತ್ರ ತಪ್ಪು ಜಾಗಕ್ಕೆ ಬಿದ್ದಿತ್ತು: ಒಂದು ಕಚೇರಿಯ ಮಾಹಿತಿ ಹಕ್ಕು ಸೇವೆ

ನಮ್ಮೂರ ಕೆರೆಯ ಹೂಳೆತ್ತಿದ ಕಾಮಗಾರಿಯ ಬಿಲ್ಲು ಹಾಗೂ ಆದ ಕೆಲಸದ ಲೆಕ್ಕ ಬರೆದಿಡುವ ಅಳತೆ ಪುಸ್ತಕದ ನಕಲು ಕೋರಿ, ಮಂಡ್ಯ ಜಿಲ್ಲೆಯ ತಾಲ್ಲೂಕು ಮಟ್ಟದ ಕಚೇರಿಯೊಂದಕ್ಕೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಸಲ್ಲಿಸಿದ್ದೆ. ಸ್ವೀಕೃತಿ ಅಂದೇ ಸಿಕ್ಕಿತು. ಕಾಯ್ದೆ ಹೇಳುವ 30 ದಿನಗಳ ಒಳಗೇ ದೃಢೀಕೃತ ನಕಲುಗಳೂ ಕೈಸೇರಿದವು. ಅಷ್ಟರ ಮಟ್ಟಿಗೆ ಸೇವೆ ಮೆಚ್ಚುವಂಥದ್ದು.

ಆದರೆ ಕಡತದ ನಡುವೆ ಮೇಲ್ವಿಚಾರಣೆಗೆ ಸಿಬ್ಬಂದಿಯನ್ನು ನಿಯೋಜಿಸಿದ ಆದೇಶದ ಹಾಳೆಯೊಂದಿತ್ತು. ಅದರಲ್ಲಿ ಕಿರಿಯ ಎಂಜಿನಿಯರರ ಹೆಸರು, ಪದನಾಮಗಳ ಮೇಲೆ ಸ್ಕೆಚ್ ಪೆನ್ನಿನಿಂದ ಕಪ್ಪು ಬಳಿದು, ಅವರ ಮನೆ ವಿಳಾಸವನ್ನು ಹಾಗೆಯೇ ಬಿಟ್ಟಿದ್ದರು. ಮಹಿಳಾ ಸಿಬ್ಬಂದಿಯೊಬ್ಬರ ಸ್ವಂತ ಮೊಬೈಲ್ ಸಂಖ್ಯೆಗೆ ಮಸಿ ಬಿದ್ದಿತ್ತಾದರೂ, ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಹತ್ತೂ ಅಂಕಿಗಳು ಓದಲು ಬರುತ್ತಿದ್ದವು. ಮಸಿ ಬಳಿದ ಹಾಳೆಯನ್ನು ಇನ್ನೊಮ್ಮೆ ಜೆರಾಕ್ಸ್ ಮಾಡಿ ಆ ಪ್ರತಿಯನ್ನು ಕೊಟ್ಟಿದ್ದರೆ ಇದು ತಪ್ಪುತ್ತಿತ್ತು.

ಹಾಳೆ ತೋರಿಸಿದಾಗ ವಿಷಯ ನಿರ್ವಾಹಕರು, "ಹೆಸರೇ ವೈಯಕ್ತಿಕ ಅಲ್ವಾ ಸಾರ್?" ಎಂದು ನಿಜವಾದ ಗೊಂದಲದಿಂದಲೇ ಕೇಳಿದರು. 2005ರ ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 4, ಅಧಿಕಾರಿ ಮತ್ತು ನೌಕರರ ಡೈರೆಕ್ಟರಿಯನ್ನೂ ಅವರ ಮಾಸಿಕ ವೇತನವನ್ನೂ ಕಚೇರಿಯೇ ಮುಂದಾಗಿ ಪ್ರಕಟಿಸಬೇಕೆನ್ನುತ್ತದೆ. ಹೀಗಿರುವಾಗ ಅಳತೆಗೆ ಸಹಿ ಹಾಕಿದ ಎಂಜಿನಿಯರರ ಹೆಸರನ್ನು ಮುಚ್ಚಲು ಆಧಾರವಿಲ್ಲ. ಮನೆ ವಿಳಾಸ ಮತ್ತು ಸ್ವಂತ ಸಂಖ್ಯೆಯ ಮಾತು ಬೇರೆ. ವೈಯಕ್ತಿಕ ಮಾಹಿತಿಗೆ ವಿನಾಯಿತಿ ಕೊಡುವ ಸೆಕ್ಷನ್ 8(1)(ಜೆ) ಅಡಿಯಲ್ಲಿ ಅವನ್ನು ತಡೆಹಿಡಿದು, ಸೆಕ್ಷನ್ 10ರ ಪ್ರಕಾರ ಉಳಿದ ಭಾಗವನ್ನು ಅರ್ಜಿದಾರರಿಗೆ ಕೊಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ 8(1)(ಜೆ)ಗೆ ತಂದ ತಿದ್ದುಪಡಿ 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಮೇಲೆ, 'ವೈಯಕ್ತಿಕ' ಎಂಬ ಒಂದೇ ಕಾರಣಕ್ಕೆ ಇಡೀ ಕಡತವನ್ನೇ ನಿರಾಕರಿಸಿಯಾರೆಂಬ ಆತಂಕ ನನಗಿದೆ. ಸಾರ್ವಜನಿಕ ಹಿತಾಸಕ್ತಿಗಾಗಿ ಮಾಹಿತಿ ಕೊಡಬಹುದೆನ್ನುವ ಸೆಕ್ಷನ್ 8(2) ಈಗಲೂ ಇದೆ. ಅಷ್ಟಕ್ಕೂ ಇಂಥ ಆದೇಶಗಳಲ್ಲಿ ಇಲಾಖೆ ಕೊಟ್ಟ ಸಿಯುಜಿ (ಕಚೇರಿ ಬಳಕೆಯ ಮೊಬೈಲ್) ಸಂಖ್ಯೆಯನ್ನೇ ನಮೂದಿಸಿದ್ದರೆ ಮಸಿಯ ಅಗತ್ಯವೇ ಬೀಳುತ್ತಿರಲಿಲ್ಲ.

ಮಾಹಿತಿ ಅಧಿಕಾರಿಗಳು ತಪ್ಪನ್ನು ಒಪ್ಪಿ, ಸರಿಪಡಿಸಿದ ಪ್ರತಿಯನ್ನು ಶುಲ್ಕವಿಲ್ಲದೆ ಕೊಟ್ಟರು. ಹಳೆಯ ಹಾಳೆಯನ್ನು ನಾನು ಅಲ್ಲೇ ಹಿಂತಿರುಗಿಸಿದೆ. ನನಗಿಂತ ಮೊದಲು ಇದೇ ಕಡತದ ನಕಲನ್ನು ಇನ್ನಿಬ್ಬರು ಪಡೆದಿದ್ದರೆಂಬುದು ಆಗಲೇ ತಿಳಿದದ್ದು. ಅವರಿಂದ ಆ ಹಾಳೆಗಳನ್ನು ವಾಪಸ್ ತರಿಸುವ ದಾರಿ ಕಚೇರಿಗೆ ತೋಚಲಿಲ್ಲ. ಐದಕ್ಕೆ ಮೂರು ಅಂಕ.